ಸೂರಿನ ಪಟ್ಟಿಗೆ ಮರ ಬಿಟ್ಟು ಆರು ಮಳೆಗಾಲ

ನಮ್ಮ ತೀರ್ಥಹಳ್ಳಿ ಕಡೆಯ ಮಳೆಗೆ ಸೂರಿನ ಪಟ್ಟಿ (ಮಾಡಿನ ಅಂಚಿಗೆ ಉದ್ದಕ್ಕೂ ಹೊಡೆಯುವ ಹಲಗೆ) ಎಷ್ಟು ವರ್ಷ ತಡೆಯುತ್ತದೆ ಅಂತ ಬಡಗಿಗಳಿಗೆ ಹೇಳಬೇಕಿಲ್ಲ. ನಮ್ಮ ಮನೆಗೆ ನಂದಿ ಮರವನ್ನೇ ಹಾಕಿದ್ದೆ. ಎರಡು ವರ್ಷಕ್ಕೊಮ್ಮೆ ಗೇರೆಣ್ಣೆ ಹೊಡೆದೆ. ಆದರೂ ಐದನೇ ಮಳೆಗಾಲಕ್ಕೆ ಕೆಳಗಿನ ಅಂಚು ಉಗುರಿಗೆ ಕಿತ್ತು ಬರುತ್ತಿತ್ತು. ಮೂಲೆಗೆ ಒರಲೆ ಹತ್ತಿತ್ತು.

2019ರಲ್ಲಿ ಡಬ್ಲ್ಯುಪಿಸಿ ಹಲಗೆ, ಅಂದರೆ ಮರದ ಪುಡಿ, ಪಿವಿಸಿ ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು, ಹಾಕುತ್ತೇನೆ ಅಂದೆ. "ಬಡಗಿ ಮನೆಗೆ ಪ್ಲಾಸ್ಟಿಕ್ಕಾ ಮಾರಾಯ?" ಅಂದರು ಅಪ್ಪಯ್ಯ. ಜೊತೆ ಕೆಲಸ ಮಾಡುವವರು ಒಂದೇ ಬೇಸಿಗೆಗೆ ಸೊಟ್ಟಗಾಗುತ್ತದೆ ಅಂದರು.

ಆಗಿಯೂ ಹೋಯಿತು. ಅಗ್ಗಕ್ಕೆ ಸಿಕ್ಕಿತು ಅಂತ ಹಗುರ ಹಲಗೆ ತಂದಿದ್ದೆ. ಅಂಚಿನಲ್ಲಿ ಸ್ಕ್ರೂ ಹಿಡಿಯಲೇ ಇಲ್ಲ. ಡಿಸೆಂಬರ್ ಚಳಿಯಲ್ಲಿ ಹಲಗೆಗೆ ಹಲಗೆ ಬಿಗಿಯಾಗಿ ಕೂರಿಸಿ, ಮರದ ಹಾಗೆ ಕಾಣಲಿ ಅಂತ ಕಡು ಕಂದು ಬಣ್ಣ ಬಳಿದೆ. ಮಾರ್ಚ್ ಬಿಸಿಲಿಗೆ ಪಡುವಣ ಕಡೆಯ ಪಟ್ಟಿಯೆಲ್ಲ ಬಿಲ್ಲಿನ ಹಾಗೆ ಬಾಗಿತು. ಉಳಿದ ಕಡೆ ಮಾಡಿನ ನೀರು ಹರಿಯುವ ತಗಡಿನ ದೋಣಿಯನ್ನು ಆ ಪಟ್ಟಿಗೇ ತೂಗಿಸಿದ್ದೆ, ಜುಲೈಯಲ್ಲಿ ಪಟ್ಟಿಸಮೇತ ಜೋತುಬಿತ್ತು. ಕೂಲಿ ಸೇರಿ 14 ಸಾವಿರದಷ್ಟು ನೀರಿಗೆ ಹೋಯಿತು.

ಮರುವರ್ಷ ತೂಕ ನೋಡಿ ಗಟ್ಟಿ ಹಲಗೆ ತಂದೆ, 18 ಮಿ.ಮೀ. ದಪ್ಪದ್ದು. ಸೀಳಿದ ಪಟ್ಟಿ ಕೊಳ್ಳಬೇಡಿ, ಸುಮ್ನೆ ದುಡ್ಡು ಜಾಸ್ತಿ. 8x4 ಅಡಿ ಹಾಳೆಯನ್ನು ನಾವೇ ಸೀಳಿದರೆ 8 ಇಂಚಿಗೆ ಕೂದಲೆಳೆ ಕಮ್ಮಿಯ 6 ಪಟ್ಟಿ ಬರುತ್ತವೆ. ನನ್ನ 120 ಅಡಿಗೆ 3 ಹಾಳೆ ಸಾಕಾಯಿತು. ಆಗ ಹಾಳೆಗೆ 3,500 ರೂಪಾಯಿ ಆಜುಬಾಜು ಇತ್ತು.

ಈ ಹಲಗೆ ನೀರಿಗೆ ಉಬ್ಬುವುದಿಲ್ಲ, ಬಿಸಿಲಿಗೆ ಉದ್ದವಾಗುತ್ತದೆ. 8 ಅಡಿ ಪಟ್ಟಿ ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ 3-4 ಮಿ.ಮೀ. ಹಿಗ್ಗುತ್ತದೆ. ಅಷ್ಟು ಸಂದಿ ಬಿಡಲೇಬೇಕು. ಕೂಡುವ ತುದಿಗಳನ್ನು 45 ಡಿಗ್ರಿ ಓರೆಗೆ ಕೊಯ್ದರೆ ಸಂದಿ ಕಣ್ಣಿಗೆ ಬೀಳುವುದಿಲ್ಲ. ನಡುವಿನ ಸ್ಕ್ರೂ ಒಂದೇ ಬಿಗಿ. ಉಳಿದವಕ್ಕೆ ತೂತು ದೊಡ್ಡದು, ಮೇಲೆ ವಾಷರ್. ಸ್ಕ್ರೂ ಸ್ಟೀಲಿನದ್ದೇ ಇರಲಿ. ಬಣ್ಣ ತಿಳಿ ಕೆನೆ. ದೋಣಿಯ ಕ್ಲಾಂಪು ಪಟ್ಟಿಗಲ್ಲ, ನೇರ ಪಕಾಸಿಗೆ (ಮಾಡು ಹೊರುವ ಓರೆ ಮರಕ್ಕೆ). ಸಂದಿಗೆ ಏನು ತುಂಬುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿದೆ.

ಆರು ಮಳೆಗಾಲ ಕಳೆಯಿತು. ಒಂದು ಪಟ್ಟಿಯೂ ಅಲುಗಿಲ್ಲ. ಆಗ ನಕ್ಕವರಲ್ಲಿ ಇಬ್ಬರು ಅಳತೆ ಟೇಪು ಹಿಡಿದು ಬಂದು ನೋಡಿಕೊಂಡು ಹೋದರು.

ಮಧ್ಯೆ ಒಂದು ಪರೀಕ್ಷೆ ಮಾಡಿದೆ. ತೋಟದ ಹುತ್ತದ ಬುಡದಲ್ಲಿ ಮಾವಿನ ತುಂಡು, ಈ ಹಲಗೆಯ ತುಂಡು ಎರಡನ್ನೂ ಹೂತಿಟ್ಟೆ. ನಾಲ್ಕು ತಿಂಗಳಿಗೆ ಮಾವು ಜರಡಿಯಾಗಿತ್ತು, ಇದಕ್ಕೆ ಮಣ್ಣು ಬಿಟ್ಟರೆ ಏನೂ ಅಂಟಿರಲಿಲ್ಲ. ಆ ಧೈರ್ಯದ ಮೇಲೆ ಬಚ್ಚಲುಮನೆ ದಾರಂದದ (ಬಾಗಿಲ ಚೌಕಟ್ಟಿನ) ಕೊಳೆತ ಬುಡ ಅರ್ಧ ಅಡಿ ಕೊಯ್ದು ಇದನ್ನೇ ಕೂರಿಸಿದೆ. ಮೂರು ವರ್ಷ ಆಯಿತು, ಚೆನ್ನಾಗಿದೆ. ಚೂರುಗಳನ್ನು ಮಾತ್ರ ಬಚ್ಚಲ ಒಲೆಗೆ ಹಾಕಬೇಡಿ. ಪಿವಿಸಿ ಉರಿದರೆ ಬರುವ ಹೊಗೆ ಆಸಿಡ್ ಇದ್ದ ಹಾಗೆ, ಎದೆಗೆ ಕೆಟ್ಟದ್ದು.

ಈಗ ಸಾಮಾನು, ಕೂಲಿ ಸೇರಿ ಅಡಿಗೆ 190 ರೂಪಾಯಿ ಹೇಳುತ್ತಿದ್ದೇನೆ. ಅಟ್ಟಣಿಗೆ ಕಟ್ಟುವ ಖರ್ಚು ಬೇರೆ.