ಡಿಸೈನ್ ಪದವಿ ಇಲ್ಲದವರು ಮೊದಲ ಪೋರ್ಟ್‌ಫೋಲಿಯೊ ಕಟ್ಟುವ ಬಗೆ

ಬಿ.ಕಾಂ. ಅಥವಾ ಎಂಜಿನಿಯರಿಂಗ್ ಓದಿ ಆ್ಯಪ್ ವಿನ್ಯಾಸದ ಕೆಲಸಕ್ಕೆ ಬರಬಯಸುವವರಲ್ಲಿ ಅನೇಕರು ಮೊದಲು ದುಬಾರಿ ಶುಲ್ಕ ತೆತ್ತು ಸರ್ಟಿಫಿಕೇಟ್ ಕೋರ್ಸ್ ಸೇರುತ್ತಾರೆ. ಆ ಮೂರ್ನಾಲ್ಕು ತಿಂಗಳನ್ನು ಒಂದೇ ಸಮಸ್ಯೆಯ ಬೆನ್ನುಹತ್ತುವುದಕ್ಕೆ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಸಂದರ್ಶನದಲ್ಲಿ ಪೋರ್ಟ್‌ಫೋಲಿಯೊ (ನಿಮ್ಮ ಕೆಲಸದ ಮಾದರಿಗಳ ಸಂಗ್ರಹ) ತೆರೆದವರು ‘ಈ ಬಟನ್ ಇಲ್ಲಿಯೇ ಏಕೆ?’ ಎಂದು ಕೇಳಿದಾಗ ಸರ್ಟಿಫಿಕೇಟು ಉತ್ತರ ಕೊಡುವುದಿಲ್ಲ.

ಸಲಕರಣೆಗೆ ಖರ್ಚಿಲ್ಲ. ಪರದೆಗಳನ್ನು ವಿನ್ಯಾಸಗೊಳಿಸುವ ತಂತ್ರಾಂಶವಾದ ಫಿಗ್ಮಾದ ಉಚಿತ ಖಾತೆಯೋ, ಅಂಥದೇ ಮುಕ್ತ ತಂತ್ರಾಂಶವಾದ ಪೆನ್‌ಪಾಟೋ ಸಾಕು. ನೀವು ದಿನವೂ ಬಳಸುವ ಆ್ಯಪ್‌ಗಳ ಪರದೆಗಳನ್ನು ಅಳತೆ ಸಮೇತ ದಿನಕ್ಕೊಂದರಂತೆ ಎರಡು ವಾರ ನಕಲು ಮಾಡಿದರೆ ಕೈ ಪಳಗುತ್ತದೆ (ಈ ನಕಲುಗಳನ್ನು ಪೋರ್ಟ್‌ಫೋಲಿಯೊಗೆ ಸೇರಿಸಬೇಡಿ).

ಸಮಸ್ಯೆಯನ್ನು ಆರಿಸಿಕೊಳ್ಳುವಲ್ಲಿ ಕನ್ನಡ ಬಲ್ಲವರಿಗೊಂದು ಅನುಕೂಲವಿದೆ. ಇಂಗ್ಲಿಷಿಗೆಂದು ಅಳೆದ ಚೌಕಟ್ಟಿನೊಳಗೆ ಕೊನೆಯ ಗಳಿಗೆಯಲ್ಲಿ ಕನ್ನಡವನ್ನು ತುರುಕಿದ ಪರದೆಗಳನ್ನು ನಾವೆಲ್ಲ ನೋಡಿದ್ದೇವೆ. ‘ರಾಷ್ಟ್ರೀಯ’ ಎಂಬ ಪದವನ್ನೇ ತೆಗೆದುಕೊಳ್ಳಿ: ಷಕಾರಕ್ಕೆ ಟ, ರ ಎರಡೂ ಒತ್ತುಗಳು ಬಂದು ಅಕ್ಷರವು ಸಾಲಿನ ಕೆಳಕ್ಕೆ ಇಳಿಯುತ್ತದೆ, ಸಾಲುಗಳ ಅಂತರ ಸಾಲದಿದ್ದರೆ ಅದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ, ಬಟನ್ ಒಳಗಿದ್ದರೆ ಒತ್ತಿನ ತುದಿಯೇ ಕತ್ತರಿಸಿಹೋಗುತ್ತದೆ. ಮುಕ್ತ ಪರವಾನಗಿಯ ನೋಟೊ ಸ್ಯಾನ್ಸ್ ಕನ್ನಡ ಮತ್ತು ಅನೇಕ್ ಕನ್ನಡ ಫಾಂಟುಗಳಲ್ಲಿ ಒಂದೇ ವಾಕ್ಯವನ್ನು ಅಕ್ಷರ ಗಾತ್ರದ 1.2, 1.5, 1.7 ಪಟ್ಟು ಸಾಲಂತರಗಳಲ್ಲಿ ಜೋಡಿಸಿ, ಅಗ್ಗದ ಫೋನಿನಲ್ಲಿ, ಬಿಸಿಲಿನಲ್ಲಿ ನಿಂತು ಓದಿ ನೋಡಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ (ಬೆಳಕಿನ ಅಂತರ) ಕನಿಷ್ಠ 4.5:1 ಇರಬೇಕೆಂಬ ಡಬ್ಲ್ಯೂಸಿಎಜಿ (ಜಾಲತಾಣಗಳು ಎಲ್ಲರಿಗೂ ಬಳಸಲು ಸಿಗುವಂತಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ) ನಿಯಮ ಏಕಿದೆಯೆಂಬುದು ಅಲ್ಲಿಯೇ ಅರ್ಥವಾಗುತ್ತದೆ.

ಬಳಿಕ ವಿದ್ಯುತ್ ಬಿಲ್ ಕಟ್ಟುವಂಥ ಒಂದೇ ಕೆಲಸದ ನಾಲ್ಕೈದು ಪರದೆಗಳನ್ನು ಕನ್ನಡದಲ್ಲಿಯೇ ಆರಂಭಿಸಿ ರಚಿಸಿ, ಈ ಕ್ಷೇತ್ರಕ್ಕೆ ಸಂಬಂಧವಿಲ್ಲದ ಐದು ಮಂದಿಯ ಕೈಗೆ ಕೊಡಿ. ‘ಈ ತಿಂಗಳ ಬಿಲ್ ಕಟ್ಟಿ ನೋಡಿ’ ಎಂದಷ್ಟೇ ಹೇಳಿ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಕಷ್ಟ. ನನ್ನ ಮೊದಲ ಪರೀಕ್ಷೆಯಲ್ಲಿ ಹಿರಿಯರೊಬ್ಬರು ತಡವರಿಸಿದ್ದನ್ನು ತಾಳಲಾರದೆ ನಾನೇ ಬೆರಳು ತೋರಿಸಿ, ಕಲಿಯಬೇಕಾದದ್ದನ್ನು ಕೈಯಾರೆ ಕೆಡಿಸಿಕೊಂಡೆ. ಆ ಐವರು ಎಲ್ಲಿ ತಡೆದು ನಿಂತರು, ಏನನ್ನು ತಪ್ಪಾಗಿ ಓದಿದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಿ.

ಪೋರ್ಟ್‌ಫೋಲಿಯೊದಲ್ಲಿ ಅಂತಿಮ ಚಿತ್ರದಷ್ಟೇ ಜಾಗವನ್ನು ಕೈಬಿಟ್ಟ ಕರಡುಗಳಿಗೂ, ಕೈಬಿಟ್ಟ ಕಾರಣಕ್ಕೂ ಕೊಡಿ. ಇಂಥ ಎರಡು ಕೆಲಸಗಳು ಸಿದ್ಧವಾದೊಡನೆ ಇಂಟರ್ನ್‌ಶಿಪ್‌ಗಳಿಗೆ ಅರ್ಜಿ ಹಾಕಲು ತೊಡಗಬಹುದು, ಮೂರನೆಯದಕ್ಕಾಗಿ ಕಾಯಬೇಡಿ. ಮುಂದೆಂದಾದರೂ ಕ್ರಮಬದ್ಧವಾಗಿ ಓದಬೇಕೆನಿಸಿದರೆ, ವಿನ್ಯಾಸದ ಸ್ನಾತಕೋತ್ತರ ಪದವಿಗಾಗಿ ಐಐಟಿ ಬಾಂಬೆ ನಡೆಸುವ ಸೀಡ್ (CEED) ಪ್ರವೇಶ ಪರೀಕ್ಷೆಯನ್ನು ಯಾವುದೇ ವಿಷಯದಲ್ಲಿ ಕನಿಷ್ಠ ಮೂರು ವರ್ಷದ ಪದವಿ ಮುಗಿಸಿದವರು ಬರೆಯಬಹುದು, ಅದಕ್ಕೆ ವಯೋಮಿತಿಯಿಲ್ಲ.