‘ನಿಮಗೆ ಪ್ರೇರಣೆ ಏನು?’ ಅಂತ ಕೇಳುವುದನ್ನು ಬಿಟ್ಟ ಮೇಲೆ

ಶಿಕ್ಷಕರ ಪ್ರೇರಣೆಯ ಬಗ್ಗೆ ಸಂಶೋಧನೆಗೆ ಹೊರಟಾಗ ನನ್ನ ಕೈಯಲ್ಲಿದ್ದದ್ದು 40 ಹೇಳಿಕೆಗಳ ಪ್ರಶ್ನಾವಳಿ. ‘ಪಾಠ ಮಾಡುವುದು ನನಗೆ ಖುಷಿ ಕೊಡುತ್ತದೆ’, ‘ಹೊಸ ವಿಧಾನ ಪ್ರಯತ್ನಿಸುತ್ತೇನೆ’, ಇಂಥವು. ಒಪ್ಪಿಗೆಗೆ 1ರಿಂದ 5ರವರೆಗೆ ಗುರುತು ಹಾಕಬೇಕು. ತುಂಬಿ ಬಂದ ಹಾಳೆಗಳಲ್ಲಿ ಎಲ್ಲಿ ನೋಡಿದರೂ 4, 5. ಅದನ್ನು ನಂಬಿದ್ದರೆ ಶಾಲೆಗಳಲ್ಲಿ ಬೇಜಾರಾದ ಶಿಕ್ಷಕರೇ ಇಲ್ಲ ಅಂತ ಬರೆದುಬಿಡಬೇಕಿತ್ತು.

ನಾನೂ ಹಲವು ವರ್ಷ ಪಾಠ ಮಾಡಿದ್ದೇನೆ. ಆದರೂ ತಪ್ಪು ಗೊತ್ತಾಗಲಿಲ್ಲ ನೋಡಿ. ತುಂಬಿದ ಹಾಳೆಗಳನ್ನು ಒಟ್ಟುಮಾಡಿದ್ದು ಮುಖ್ಯ ಶಿಕ್ಷಕರ ಮೇಜಿನ ಮೇಲೆ! ಅಲ್ಲಿ ಇಡುವ ಹಾಳೆಯಲ್ಲಿ ‘ನನಗೆ ಈ ಕೆಲಸ ಸಾಕಾಗಿದೆ’ ಅಂತ ಯಾರು ಗುರುತು ಹಾಕುತ್ತಾರೆ? ಎರಡನೇ ಸಲ ಮುಚ್ಚಿದ ಲಕೋಟೆ ಕೊಟ್ಟೆ. 2, 3 ಕಾಣಿಸಿದವು. ಆದರೆ ಆ 2ರ ಹಿಂದೆ ಏನಿದೆ ಅಂತ ಹಾಳೆ ಹೇಳಲಿಲ್ಲ.

ಹಾಗಾಗಿ ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ. ಮೊದಲ ಎರಡು ದಿನ ದಂಡ. ನಾನು ಪೆನ್ನು ತೆಗೆದ ಕೂಡಲೇ ಪಾಠದ ಧಾಟಿಯೇ ಬದಲಾಗುತ್ತಿತ್ತು. ಒಬ್ಬ ಸರ್ ಬೀರುವಿನಿಂದ ಚಾರ್ಟ್ ತೆಗೆದು ಧೂಳು ಒರೆಸಿದರು. ಮಕ್ಕಳು ಅದನ್ನು ಮೊದಲ ಸಲ ನೋಡುವ ಹಾಗೆ ನೋಡಿದರು. ಆಮೇಲೆ ತರಗತಿಯಲ್ಲಿ ಬರೆಯುವುದನ್ನೇ ನಿಲ್ಲಿಸಿದೆ. ಪೀರಿಯಡ್ ಮುಗಿದ ಮೇಲೆ ಹೊರಗೆ ಹೋಗಿ ನಾಲ್ಕು ಪದ ಗೀಚಿಕೊಳ್ಳುವುದು, ಸಂಜೆ ಅದನ್ನು ಬಿಡಿಸಿ ಬರೆಯುವುದು. ಎರಡನೇ ವಾರದ ಹೊತ್ತಿಗೆ ನಾನು ಇದ್ದೇನೆ ಅನ್ನುವುದೇ ಎಲ್ಲರಿಗೂ ಮರೆತುಹೋಗಿತ್ತು.

ನನ್ನ ಕೆಲಸದ ದಿಕ್ಕು ಬದಲಾದದ್ದು ಸ್ಟಾಫ್ ರೂಮಿನಲ್ಲಿ. ಗಣಿತದ ಮೇಡಂ ನೋಟ್‌ಬುಕ್ ತಿದ್ದುತ್ತಿದ್ದರು. ಒಬ್ಬ ಹುಡುಗ ½ + ⅓ = ⅖ ಅಂತ ಬರೆದಿದ್ದ. ಅವರು ತಪ್ಪು ಗುರುತು ಹಾಕಲಿಲ್ಲ. ಅಂಚಿನಲ್ಲಿ ಒಂದೇ ಅಳತೆಯ ಎರಡು ಪಟ್ಟಿ ಎಳೆದರು. ಒಂದರಲ್ಲಿ ಅರ್ಧಕ್ಕೆ, ಇನ್ನೊಂದರಲ್ಲಿ ಐದರಲ್ಲಿ ಎರಡು ಪಾಲಿಗೆ ಗೀಟು ಹಾಕಿದರು. ಕೆಳಗೆ ‘ಯಾವುದು ದೊಡ್ಡದು?’ ಅಂತ ಬರೆದು ಪುಸ್ತಕ ಬೇರೆ ಇಟ್ಟರು.

‘ತಪ್ಪು ಯಾಕೆ ಹಾಕಲಿಲ್ಲ ಮೇಡಂ?’

‘ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾನೆ. ಸುಮ್ನೆ ಏನೋ ಬರೆದಿಲ್ಲ ಅವನು. ಕೂಡಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗಿದೆ ಅಂತ ಅವನಿಗೇ ಹೊಳೀಬೇಕು, ಅಲ್ವಾ?’

ಪ್ರೇರಣೆ ಏನು ಅಂತ ಇದೇ ಮೇಡಂ ಅವರನ್ನು ನೇರವಾಗಿ ಕೇಳಿದ್ದಾಗ ‘ಮಕ್ಕಳ ಭವಿಷ್ಯ’ ಅಂದಿದ್ದರು. ಸುಳ್ಳಲ್ಲ, ಆದರೆ ಅದು ಭಾಷಣದ ಉತ್ತರ. ಆ ಎರಡು ಪಟ್ಟಿ ಹೇಳಿದ್ದು ಬೇರೆ. ಶಿಕ್ಷಕರಿಗೆ ಸಿಗುವ ತೃಪ್ತಿ ಹೆಚ್ಚಾಗಿ ಇಂಥ ಕಡೆಯಿಂದ, ಒಂದು ಮಗುವಿಗೆ ತನ್ನ ಪಾಠ ಮುಟ್ಟಿತು ಅನ್ನಿಸುವುದರಿಂದ ಬರುತ್ತದೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಡಾನ್ ಲಾರ್ಟಿ 1975ರಲ್ಲೇ ಬರೆದಿದ್ದರು. ಓದಿದ್ದೆ, ಟಿಪ್ಪಣಿಯನ್ನೂ ಮಾಡಿಕೊಂಡಿದ್ದೆ. ಅದು ಕಣ್ಣಿಗೆ ಬಿದ್ದದ್ದು ಮಾತ್ರ ಅವತ್ತು.

ಅಲ್ಲಿಂದ ನನ್ನ ಪ್ರಶ್ನೆಗಳೆಲ್ಲ ಚಿಕ್ಕವಾದವು. ಈ ಪುಸ್ತಕ ಬೇರೆ ಇಟ್ಟದ್ದು ಯಾಕೆ? ಆ ಹುಡುಗಿಯನ್ನು ಇವತ್ತು ಕೇಳಲಿಲ್ಲ ಯಾಕೆ? ಜೊತೆಗೆ ಆರು ಜನ ಶಿಕ್ಷಕರಿಗೆ ಒಂದೊಂದು ಡೈರಿ ಕೊಟ್ಟೆ. ದಿನಕ್ಕೆ ಮೂರೇ ಸಾಲು: ಇವತ್ತು ನೀವೇ ತೀರ್ಮಾನಿಸಿದ್ದು ಯಾವುದು, ಬೇರೆಯವರು ಹೇಳಿದ್ದಕ್ಕೆ ಮಾಡಿದ್ದು ಯಾವುದು, ಯಾವಾಗ ಸುಸ್ತಾಯಿತು. ಒಂದು ಪುಟ ಬರೆಯಿರಿ ಅಂದಿದ್ದರೆ ಮೂರನೇ ದಿನಕ್ಕೆ ಕೈಬಿಡುತ್ತಿದ್ದರು. ಮೂರು ಸಾಲಾದ್ದರಿಂದ ನಾಲ್ವರು ತಿಂಗಳಿಡೀ ಬರೆದರು.

ಡೈರಿಯಲ್ಲಿ ಸುಸ್ತು ಬಂದದ್ದು ಹೆಚ್ಚು ಪಾಠ ಇದ್ದ ದಿನ ಅಲ್ಲ. ಬಿಡುವಿನ ಪೀರಿಯಡ್ ಕೈತಪ್ಪಿದ ದಿನ. ರಜೆ ಹಾಕಿದವರ ತರಗತಿಗೆ ಹೋಗು, ಈ ಮಾಹಿತಿ ಈಗಲೇ ತುಂಬಿಕೊಡು. ಗಣಿತದ ಮೇಡಂ ಒಂದು ದಿನ ಬರೆದದ್ದು ಇಷ್ಟೇ: ‘ಪುಸ್ತಕ ತಿದ್ದಲು ಆಗಲಿಲ್ಲ. ಸಿಟ್ಟು ಬಂತು.’ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಪ್ರೇರಣೆಗೆ ಮೂರು ಅಗತ್ಯ ಹೇಳುತ್ತಾರೆ: ತನ್ನ ಕೆಲಸ ತನ್ನ ಹಿಡಿತದಲ್ಲಿರಬೇಕು, ಅದು ತನ್ನಿಂದ ಆಗುತ್ತದೆ ಅನ್ನಿಸಬೇಕು, ಸುತ್ತಲಿನವರ ಜೊತೆ ನಂಟಿರಬೇಕು. ಬಿಡುವಿನ ಪೀರಿಯಡ್ ಅಂದರೆ ಆರಾಮ ಅಂತ ಹೊರಗಿನವರು ತಿಳಿಯುತ್ತಾರೆ. ಈ ಮೇಡಂಗೆ ತನ್ನ ಹಿಡಿತದಲ್ಲಿ ಉಳಿದಿದ್ದ ಹೊತ್ತೇ ಅದು.

ಒಂದು ಕಡೆ ಎಡವಿದೆ. ವರದಿಯಲ್ಲಿ ಹೆಸರು ತೆಗೆದಿದ್ದೆ, ಸಾಕು ಅಂದುಕೊಂಡಿದ್ದೆ. ‘ವಿಜ್ಞಾನದ ಶಿಕ್ಷಕರೊಬ್ಬರು’ ಅಂತ ಬರೆದದ್ದನ್ನು ಓದಿ ಒಬ್ಬರು ಕೇಳಿದರು: ‘ಸರ್, ಇಲ್ಲಿ ವಿಜ್ಞಾನಕ್ಕೆ ಇರೋದು ನಾನೊಬ್ಬನೇ. ಇನ್ನು ಹೆಸರು ಯಾಕೆ ಬೇಕು?’ ವಿಷಯ, ವಯಸ್ಸು, ಎಷ್ಟು ವರ್ಷದ ಸೇವೆ, ಎಲ್ಲ ತೆಗೆದು ಮತ್ತೆ ಬರೆದೆ. ಆ ಮೇಲೆ ಯಾರ ಬಗ್ಗೆ ಬರೆದರೂ ಮೊದಲು ಅವರಿಗೇ ಓದಲು ಕೊಡುವುದನ್ನು ರೂಢಿ ಮಾಡಿಕೊಂಡೆ. ಗಣಿತದ ಮೇಡಂ ಒಪ್ಪಿಗೆಯಿಂದಲೇ ಅವರ ಭಾಗ ಗಣಿತದ್ದಾಗಿ ಉಳಿದಿದೆ.

ಅವರೂ ಓದಿದರು. ಎರಡು ಪುಟ ತಿರುವಿ ತಲೆ ಎತ್ತಿದರು. ‘ಅದೇ ಹುಡುಗನಿಗೆ ಮಾರನೇ ದಿನ ಎಲ್ಲರೆದುರು ಬೈದಿದ್ದೆ. ನೀವೂ ಹಿಂದೆ ಕೂತಿದ್ರಲ್ಲ, ಅದು ಇದರಲ್ಲಿ ಎಲ್ಲಿ?’

ನನ್ನ ಗೀಚುಪುಸ್ತಕದಲ್ಲಿ ಅದು ಇತ್ತು. ವರದಿಗೆ ಬಂದಿರಲಿಲ್ಲ. ಅವರ ಎದುರೇ ಕೂತು ಸೇರಿಸಿದೆ.