ಹಳೆಯ ಇಂಟೇಕ್ ಮ್ಯಾನಿಫೋಲ್ಡ್ ಯಾವ ಎಂಜಿನ್ನಿನದು? ಮೊದಲು ಮಗುಚಿ ನೋಡಿ
ಇಂಟೇಕ್ ಮ್ಯಾನಿಫೋಲ್ಡ್ ಅಂದರೆ ಕಾರ್ಬುರೇಟರ್‌ನಿಂದ ಬರುವ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಹಂಚುವ ಭಾಗ. ಹಳೆಯ ಅಮೆರಿಕನ್ ವಿ8 (ವಿ ಆಕಾರದ ಎಂಟು ಸಿಲಿಂಡರ್ ಎಂಜಿನ್) ಮ್ಯಾನಿಫೋಲ್ಡ್ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಎರಕದಲ್ಲೇ ಮೂಡಿಸಿದ ನಂಬರ್ ಹುಡುಕುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನಂಬರ್ ತುಕ್ಕಿನಲ್ಲಿ ಹೋಗಿರಬಹುದು, ಯಾರೋ ಉಜ್ಜಿ ಅಳಿಸಿರಬಹುದು. ಮೇಲೆ ಬಿಳಿ ಬಣ್ಣದಲ್ಲಿ '350' (ಘನ ಇಂಚಿನಲ್ಲಿ ಎಂಜಿನ್ ಗಾತ್ರ; ಮುಂದೆ ಬರುವ 383, 440ರಂಥವೂ ಅವೇ) ಅಂತ ಬರೆದಿದ್ದರಂತೂ ನಂಬಲೇಬೇಡಿ. ಅದು ಮಾರುವವನ ಆಸೆ, ಅಷ್ಟೆ.

ಮೊದಲು ಮಗುಚಿ ಹಾಕಿ. ಮ್ಯಾನಿಫೋಲ್ಡಿನ ತಳ ಎಂಜಿನ್ನಿನ ನಡುವಿನ ಹಳ್ಳವನ್ನು, ಅಂದರೆ ವಾಲ್ವ್ ಎತ್ತಲು ತಳ್ಳುವ ಲಿಫ್ಟರ್‌ಗಳು ಕೂರುವ ಜಾಗವನ್ನು, ತಾನೇ ಮುಚ್ಚುವ ಹಾಗಿದೆಯಾ? ಹಾಗಿದ್ದರೆ ಷೆವ್ರೊಲೆ ಅಥವಾ ಫೋರ್ಡ್ ಕಡೆ ಯೋಚಿಸಿ. ಪಾಂಟಿಯಾಕ್‌ನಲ್ಲಿ ಆ ಹಳ್ಳಕ್ಕೆ ಬೇರೆ ತಗಡಿನ ಮುಚ್ಚಳ ಇದೆ. ಕ್ರೈಸ್ಲರ್‌ನ 383, 440ರಲ್ಲೂ ಅಷ್ಟೇ, ಕೆಳಗೆ ತಗಡು ಬರುತ್ತದೆ. ಇವುಗಳ ಮ್ಯಾನಿಫೋಲ್ಡ್ ಮೈ ತೆಳ್ಳಗೆ, ಕೊಳವೆಗಳನ್ನು ಜೋಡಿಸಿಟ್ಟ ಹಾಗೆ ಕಾಣುತ್ತದೆ.

ಒಂದನ್ನು ಮಾತ್ರ ದೂರದಿಂದಲೇ ಗುರುತಿಸಬಹುದು: ಫೋರ್ಡ್ ಎಫ್‌ಇ. 352, 390, 427, 428 ಇದೇ ಮನೆಯವು. ಮ್ಯಾನಿಫೋಲ್ಡ್ ಎಷ್ಟು ಅಗಲ ಅಂದರೆ ವಾಲ್ವ್ ಕವರ್‌ನ ಒಂದು ಅಂಚು ಅದರ ಮೇಲೆಯೇ ಕೂರುತ್ತದೆ, ಲಿಫ್ಟರ್‌ನಿಂದ ವಾಲ್ವ್ ಕಡೆ ಹೋಗುವ ಸಲಾಕೆಗಳು, ಅಂದರೆ ಪುಷ್‌ರಾಡ್‌ಗಳು, ಅದರೊಳಗಿನಿಂದಲೇ ಹಾದು ಹೋಗುತ್ತವೆ. ಕಬ್ಬಿಣದ್ದಾದರೆ ಒಬ್ಬರೇ ಎತ್ತಲು ಹೋಗಬೇಡಿ.

ಆಮೇಲೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕೂರುವ ಜಾಗ ನೋಡಿ. ಹಿಂಬದಿಯಲ್ಲಿ ದೊಡ್ಡ ದುಂಡು ತೂತು ಇದ್ದು ತಳವೂ ಹಳ್ಳ ಮುಚ್ಚುವಂಥದ್ದಾದರೆ, ಬಹುಪಾಲು ಅದು ಷೆವ್ರೊಲೆ. ಇಲ್ಲಿ ಹೇಳುವ ಫೋರ್ಡ್ ವಿ8ಗಳಲ್ಲಿ ಡಿಸ್ಟ್ರಿಬ್ಯೂಟರ್ ಮುಂದೆ ಇರುತ್ತದೆ.

ಷೆವ್ರೊಲೆ ಅಂತ ಗೊತ್ತಾದರೆ ಬೋಲ್ಟ್ ತೂತು ಎಣಿಸಿ. 12 ಇದ್ದರೆ 1955ರಲ್ಲಿ ಶುರುವಾದ ಸ್ಮಾಲ್ ಬ್ಲಾಕ್, ಅಂದರೆ ಚಿಕ್ಕ ಮೈಯ ಎಂಜಿನ್. 16 ಇದ್ದರೆ 1965ರಿಂದ ಬಂದ ಬಿಗ್ ಬ್ಲಾಕ್. ಬರೀ 8 ಇದ್ದರೆ 1996ರ ವೋರ್ಟೆಕ್ ಹೆಡ್‌ನದು (ಹೆಡ್ ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ), ಹಳೆಯ ಹೆಡ್‌ಗೆ ಕೂರುವುದಿಲ್ಲ. 12 ತೂತುಗಳ ಸ್ಮಾಲ್ ಬ್ಲಾಕ್‌ನಲ್ಲೂ ಒಂದು ತೊಂದರೆ ಇದೆ. 1987ರಿಂದ ಬಂದ ಕಬ್ಬಿಣದ ಹೆಡ್‌ಗಳಲ್ಲಿ ಪ್ರತಿ ಬದಿಯ ನಡುವಿನ ಎರಡು ಬೋಲ್ಟ್‌ಗಳ ಕೋನ ಬೇರೆ. ಆ ನಾಲ್ಕು ತೂತುಗಳಲ್ಲಿ ಬೋಲ್ಟ್ ಇಳಿಸಿ, ಪಕ್ಕದವುಗಳ ಜೊತೆ ವಾಲಿಕೆ ಹೋಲಿಸಿ. ಮುಂಭಾಗದಲ್ಲಿ ಎಣ್ಣೆ ಹಾಕುವ ಕೊಳವೆಗೆ ತೂತು ಇದ್ದರೆ 1968ರವರೆಗಿನ ತುಂಡು ಅಂದುಕೊಳ್ಳಬಹುದು.

ಸ್ಮಾಲ್ ಬ್ಲಾಕ್ ವಿಷಯದಲ್ಲಿ 'ಇದು 327ನದಾ, 350ನದಾ?' ಎಂಬ ಪ್ರಶ್ನೆಗೆ ನೇರ ಉತ್ತರ ಇಲ್ಲ. 265ರಿಂದ 400ರವರೆಗೆ ಬ್ಲಾಕ್‌ನ ಎತ್ತರ (ಕ್ರ್ಯಾಂಕ್‌ನ ನಡುವಿನಿಂದ ಹೆಡ್ ಕೂರುವ ಮೈವರೆಗಿನ ಅಳತೆ) ಒಂದೇ. ಹಾಗಾಗಿ ಹಳೆಯ ಮ್ಯಾನಿಫೋಲ್ಡ್ ಇವೆಲ್ಲಕ್ಕೂ ಸರಿಹೋಗುತ್ತದೆ. ಯಾವ ಕಾರಿನಿಂದ ಬಂತು ಅನ್ನುವುದು ಬೇರೆ ಮಾತು.

ಫೋರ್ಡ್‌ನಲ್ಲಿ ಹಾಗಲ್ಲ. ಗ್ಯಾಸ್ಕೆಟ್ (ಸಂದು ಮುಚ್ಚಲು ನಡುವೆ ಇಡುವ ತೆಳು ಹಾಳೆ) ಇಟ್ಟು ನೋಡಿ 'ಕೂತಿತು' ಅನ್ನುವವರು ಸೋಲುವುದು ಇಲ್ಲೇ. 289/302 ಮತ್ತು 351 ವಿಂಡ್ಸರ್ ಮ್ಯಾನಿಫೋಲ್ಡ್‌ಗಳಿಗೆ ಪೋರ್ಟ್‌ಗಳ (ಮಿಶ್ರಣ ಹೋಗುವ ಬಾಯಿಗಳ) ಸಾಲು ಒಂದೇ, ಬೋಲ್ಟ್‌ಗಳ ಸಾಲು ಒಂದೇ, ಗ್ಯಾಸ್ಕೆಟ್ ಕೂಡ ಒಂದೇ. ಆದರೆ 302ರ ಬ್ಲಾಕ್ ಎತ್ತರ ಸುಮಾರು 8.2 ಇಂಚು, 351 ವಿಂಡ್ಸರ್‌ನದು ಸುಮಾರು 9.5. ಬ್ಲಾಕ್ ಎತ್ತರವಾದಷ್ಟೂ ಎರಡು ಹೆಡ್‌ಗಳ ನಡುವಿನ ಅಂತರ ಜಾಸ್ತಿ, ಮ್ಯಾನಿಫೋಲ್ಡ್ ಅಗಲ. ಗ್ಯಾಸ್ಕೆಟ್ ನೋಡುವುದು ಒಂದು ಬದಿಯನ್ನು ಮಾತ್ರ, ಅಲ್ವಾ? ಹಾಗಾಗಿ ಒಂದು ಬದಿಯ ಹೊರ ಅಂಚಿನಿಂದ ಇನ್ನೊಂದು ಬದಿಯ ಹೊರ ಅಂಚಿಗೆ ನೇರ ಪಟ್ಟಿ ಇಟ್ಟು ಅಗಲ ಅಳೆಯಿರಿ. ಗೊತ್ತಿರುವ ಇನ್ನೊಂದು ಮ್ಯಾನಿಫೋಲ್ಡ್ ಜೊತೆ ಹೋಲಿಸಿ. ಕ್ರೈಸ್ಲರ್ 383 ಮತ್ತು 440ಕ್ಕೂ ಇದೇ ಗೊಂದಲ, ಇದೇ ಪರೀಕ್ಷೆ. ಷೆವ್ರೊಲೆ ಬಿಗ್ ಬ್ಲಾಕ್‌ನಲ್ಲೂ ಲಾರಿಗೆಂದು ಮಾಡಿದ 366, 427ಗಳ ಬ್ಲಾಕ್ 0.4 ಇಂಚು ಎತ್ತರ.

ಕಾರ್ಬುರೇಟರ್ ಕೂರುವ ಜಾಗಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಹಿಂದಿನ ಎರಡು ತೂತು ಮುಂದಿನವಕ್ಕಿಂತ ತುಂಬಾ ದೊಡ್ಡದಿದ್ದರೆ ಕ್ವಾಡ್ರಾಜೆಟ್ ಮಾದರಿ. ಆ ಕಾರ್ಬುರೇಟರ್ ಬಂದದ್ದು 1965ರಲ್ಲಿ.

ಈಗ ನಂಬರ್. ವೈರ್ ಬ್ರಷ್ ಹಾಕಿ ಉಜ್ಜಿ, ಮೇಲೆ ಸೀಮೆಸುಣ್ಣ ಸವರಿ, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಫೋರ್ಡ್ ನಂಬರ್ ಓದುವುದು ಸುಲಭ. 'ಸಿ5ಎಇ-9425' ಅಂತಿದ್ದರೆ ಸಿ ಅಂದರೆ 1960ರ ದಶಕ, 5 ಅಂದರೆ 1965, ಎ ಅಂದರೆ ದೊಡ್ಡ ಕಾರು, ಇ ಅಂದರೆ ಎಂಜಿನ್ ವಿಭಾಗ, 9425 ಅಂದರೆ ಇಂಟೇಕ್ ಮ್ಯಾನಿಫೋಲ್ಡ್. ಆದರೆ ಅದು ವಿನ್ಯಾಸ ಮಾಡಿದ ವರ್ಷ. ಅದೇ ಅಚ್ಚನ್ನು ಮುಂದಿನ ವರ್ಷಗಳಲ್ಲೂ ಬಳಸಿರಬಹುದು.

ಎರಕ ಹೊಯ್ದ ದಿನ ಬೇರೆ ಕಡೆ ಇರುತ್ತದೆ. ಷೆವ್ರೊಲೆಯಲ್ಲಿ 'ಸಿ 12 5' ಅಂದರೆ ಮಾರ್ಚ್ 12 (ಇಲ್ಲಿ ಅಕ್ಷರ ತಿಂಗಳದ್ದು, ಸಿ ಮೂರನೆಯದು), ವರ್ಷದ ಕೊನೆಯ ಅಂಕಿ 5. ಅದು 1965ಆ, 1975ಆ ಅನ್ನುವುದನ್ನು ನೀವೇ ತೀರ್ಮಾನಿಸಬೇಕು. ಎಣ್ಣೆ ಕೊಳವೆಯ ತೂತು ನೆರವಿಗೆ ಬರುವುದು ಆಗಲೇ. ಫೋರ್ಡ್‌ನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳ ಅಕ್ಷರ, ಕೊನೆಗೆ ದಿನ. ತಿಂಗಳಿಗೆ 'ಐ' ಅಕ್ಷರ ಬಿಟ್ಟಿದ್ದಾರೆ. ಹಾಗಾಗಿ ಡಿಸೆಂಬರ್ 'ಎಂ' ಆಗುತ್ತದೆ.

ಎಡೆಲ್‌ಬ್ರಾಕ್, ಆಫನ್‌ಹೌಸರ್, ವೈಆಂಡ್ ಅಂತ ಹೊರಗಿನ ತಯಾರಕರ ಹೆಸರಿದ್ದರೆ ಕಾರು ಕಾರ್ಖಾನೆಯ ಎರಕದ ಪಟ್ಟಿಗಳಲ್ಲಿ ಸುಮ್ನೆ ಹುಡುಕಬೇಡಿ. ಅವರ ಹಳೆಯ ಕ್ಯಾಟಲಾಗ್‌ನಲ್ಲಿ ನೋಡಿ.

ಎಲ್ಲ ಆದ ಮೇಲೆ, ಹೆಡ್ ಕೂರಿಸಿದ ಎಂಜಿನ್ ಮೇಲೆ ಗ್ಯಾಸ್ಕೆಟ್ ಇಲ್ಲದೆ ಮ್ಯಾನಿಫೋಲ್ಡ್ ಇಡಿ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ, ಎರಡೂ ಬದಿಯ ಸಂದು ಮೇಲಿನಿಂದ ಕೆಳಗೆ ಒಂದೇ ಸಮ ಇದೆಯಾ ನೋಡಿ. ಎಲ್ಲ ಬೋಲ್ಟ್‌ಗಳೂ ಬೆರಳಲ್ಲೇ ತಿರುಗಿ ಇಳಿಯಬೇಕು.